ಊರೂರು ತಿರುಗುವ ಬೂಟು

ರಾಯಬಾಗ, ನವೆಂಬರ್ ೧೯, ಬುಧವಾರ

ದುಂಡವ್ವನ ಕೆಲಸ ಉಳಿಯುತ್ತದೋ ಇಲ್ಲವೋ, ಅದೇ ತಲೆಯಲ್ಲಿ ಸುತ್ತುತ್ತಿದೆ. ನಾನು ವಾರ್ಡನ್ ಆಗಿರುವ ಸರ್ಕಾರಿ ಹಾಸ್ಟೆಲ್ಲಿನ ಶೌಚಾಲಯ ತೊಳೆಯುವವಳು ಅವಳು. ಗುತ್ತಿಗೆದಾರನ ಮನುಷ್ಯ ಬಾಳಾಸಾಬ ಇವತ್ತೂ ಚೀಲ ಹೊತ್ತು ಬಂದ. ಅವಳಿಗೆ ಕೈಗವಸು, ಬೂಟು ತೊಡಿಸಿ, ಇಲಾಖೆಗೆ ಕಳಿಸಲು ಫೋಟೊ ತೆಗೆದು, ಎಲ್ಲವನ್ನೂ ಬಿಚ್ಚಿಸಿಕೊಂಡ.

“ಈ ಬೂಟು ನನಗಿಂತ ಹೆಚ್ಚು ಊರು ನೋಡ್ಯಾವ್ರಿ ಅಕ್ಕಾರ,” ಎಂದು ದುಂಡವ್ವ ನಕ್ಕಳು. ಬಾಯಿಗೆ ಅಡ್ಡ ಹಿಡಿದ ಅವಳ ಬೆರಳುಗಳು ಆಸಿಡ್‌ಗೆ ಸುಲಿದಿದ್ದವು.

ಬಾಳಾಸಾಬನ ಕೈಯಿಂದ ಚೀಲ ಕಿತ್ತುಕೊಂಡು ನನ್ನ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಕೀಲಿಯನ್ನು ದುಂಡವ್ವನಿಗೆ ಕೊಟ್ಟೆ.

“ಏನ್ ಮಾಡಾಕತ್ತೀರಿ ಮೇಡಂ? ನಾಳೆ ಅಥಣಿ ಹಾಸ್ಟೆಲ್‌ದಾಗ ಫೋಟೊ ಐತ್ರಿ! ಈಕಿನ್ನ ತಗದು ಬ್ಯಾರೇದಾಕಿನ್ನ ಹಚ್ಚತೇನಿ ನೋಡ್ರಿ,” ಎಂದ ಬಾಳಾಸಾಬ.

“ತಗದು ನೋಡು. ಯಾಕ ತಗದಿ ಅಂತ ಇಲಾಖೆಗೆ ನಾನ ಹೇಳ್ತೇನಿ,” ಅಂದೆ.

ದುಂಡವ್ವನ ಮುಖದ ನಗು ಮಾಯವಾಗಿತ್ತು. ಆದರೂ ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ರಾತ್ರಿ ಕವಿತೆಯ ಪುಸ್ತಕ ತೆರೆದೆ, ಮನಸ್ಸು ನಿಲ್ಲಲಿಲ್ಲ. ಆ ಗಂಟನ್ನು ಅವಳು ನನ್ನನ್ನು ನಂಬಿ ಹಾಕಿದ್ದಾಳೆ. ಬೆಳಿಗ್ಗೆ ಚಿಕ್ಕೋಡಿಯ ಇಲಾಖೆ ಕಚೇರಿಗೆ ನಾನೇ ಹೋಗುತ್ತೇನೆ. ನಾಳೆ ಅಥಣಿಯ ಹೆಂಗಸರನ್ನು ಕೈಗವಸಿಲ್ಲದೆ ಬರಿಗೈಯಲ್ಲೇ ನಿಲ್ಲಿಸಿ ಫೋಟೊ ತೆಗೆಯಲಿ. ಇಲಾಖೆಯವರು ಒಮ್ಮೆಯಾದರೂ ಆ ಕೈಗಳನ್ನು ನೋಡಲಿ.