ಹೋಳಿಗೆ ಪೆಟ್ಟಿಗೆಯ ಇದ್ದಿಲು

ಮಾನ್ಯ ಆಹಾರ ಸುರಕ್ಷತಾಧಿಕಾರಿಗಳೇ,

ಅಜ್ಜಂಪುರದ ನಾವು ಏಳು ಹೆಂಗಸರು ಅಣುಬಾಂಬ್ ತಯಾರಿಸುತ್ತಿಲ್ಲ, ಕಾಯಿಹೋಳಿಗೆ ತಯಾರಿಸುತ್ತೇವೆ. ಇಷ್ಟು ತಿಳಿಯದೆ ತಾವು ನಮ್ಮ ನಲವತ್ತು ಪೆಟ್ಟಿಗೆ ಹೊತ್ತೊಯ್ದು, ಮೊಹರು ಹಾಕಿ, 'ವಿಕಿರಣಶೀಲ ಕಪ್ಪು ವಸ್ತು ಪತ್ತೆ' ಎಂದು ನೋಟಿಸ್ ಕೊಟ್ಟು ಇಂದಿಗೆ ಹನ್ನೆರಡು ದಿನ. ಸೋಮವಾರದೊಳಗೆ ಅವು ಮೈಸೂರಿನ ಅಂಗಡಿ ತಲುಪದಿದ್ದರೆ ನಮ್ಮ ಮೊದಲ ದೊಡ್ಡ ಆರ್ಡರ್ ಕೈತಪ್ಪುತ್ತದೆ.

ತಾವು ಕಂಡ ಕಪ್ಪು ವಸ್ತು ಇದ್ದಿಲು, ಸ್ವಾಮಿ! ನಮ್ಮತ್ತೆ ಶಂಕರಮ್ಮನವರ ಒಲೆಯದು. ಹೋಳಿಗೆ ಊರು ದಾಟುವಾಗ ದೃಷ್ಟಿ ತಾಗದಿರಲೆಂದು ಒಂದು ಚೂರು ಇದ್ದಿಲು ಇಡುವುದು ನಮ್ಮ ಮನೆಯ ವಾಡಿಕೆ. ಕಿರಣ ಹಾಯಿಸಿ ಕ್ರಿಮಿ ಕೊಲ್ಲುವ ವಿಕಿರಣ ಘಟಕದಿಂದ ಮರಳಿದ ಪ್ರತಿ ಪೆಟ್ಟಿಗೆಗೂ ಅತ್ತೆಯೇ ಒಂದೊಂದು ಹಾಕಿದರು. "ಅತ್ತೆ, ಕಿರಣ ಹಾಯ್ಸಿದ್ದಾಗಿದೆ, ಇದ್ಯಾಕೆ?" ಎಂದೆ. "ಕಿರಣ ಕ್ರಿಮಿಗಾಯ್ತು ಕಣೇ. ಜನರ ಕಣ್ಣಿಗೆ?" ಎಂದರು.

ಕಿರಣದ ಗೀಳು ಏಕೆ ಎಂದು ಕೇಳಿದಿರಿ. ಹೋದ ವರ್ಷ ಸಖರಾಯಪಟ್ಟಣದ ಮದುವೆಗೆ ಕಳಿಸಿದ ನಮ್ಮ ಹೋಳಿಗೆಯನ್ನು ಮೂರನೇ ದಿನ ತಿಂದ ಹನ್ನೊಂದು ಮಂದಿ ಚೊಂಬು ಹಿಡಿದು ಓಡಿದರು, ಮದುಮಗನೂ ಸೇರಿ! ನಾಚಿಕೆಯಿಂದ ನಾನು ತಿಂಗಳುಗಟ್ಟಲೆ ಆ ಕಡೆಯ ಬಸ್ಸು ಹತ್ತಲಿಲ್ಲ. ಅದಕ್ಕೇ ಪ್ಯಾಕೆಟ್ ಮುಚ್ಚಿದ ಮೇಲೆ ಕಿರಣ ಹಾಯಿಸುತ್ತೇವೆ. ಬ್ಯಾಕ್ಟೀರಿಯಾ ಸಾಯುತ್ತವೆ, ಹೋಳಿಗೆಯಲ್ಲಿ ಕಿರಣ ಉಳಿಯುವುದಿಲ್ಲ. ಎಕ್ಸ್‌ರೇ ತೆಗೆಸಿದ ಮೊಣಕಾಲು ಕತ್ತಲಲ್ಲಿ ಮಿನುಗುವುದನ್ನು ತಾವೆಲ್ಲಾದರೂ ಕಂಡಿದ್ದೀರಾ?

ನಿನ್ನೆ ಅರ್ಜಿ ಹಿಡಿದು ತಮ್ಮ ಕಚೇರಿಗೆ ಬಂದೆವು. ತಾವು ಮೂಗಿಗೆ ಕರವಸ್ತ್ರ ಒತ್ತಿ, "ಅಲ್ಲೇ ನಿಂತ್ಕೊಳ್ಳಿ, ಹತ್ರ ಬರ್ಬೇಡಿ" ಎಂದಿರಿ. ನಿಂತೆವು. ನಿಂತಲ್ಲಿಂದಲೇ ಕಂಡಿತು: ನಾಲ್ಕನೇ ಪೆಟ್ಟಿಗೆಯ ಮೊಹರು ಒಡೆದಿದೆ, ಹತ್ತು ಪ್ಯಾಕೆಟ್ ಇದ್ದಲ್ಲಿ ಆರೇ ಇವೆ, ಇದ್ದಿಲು ಮಾತ್ರ ಭದ್ರ! "ಇದ್ಲು ಇಟ್ರೂ ಕಣ್ಣು ಬಿತ್ತಲ್ಲೇ!" ಎಂದು ಅತ್ತೆ ಸೆರಗು ಬಾಯಿಗೆ ತುರುಕಿಕೊಂಡು ನಕ್ಕದ್ದು ತಮಗೂ ಕೇಳಿಸಿರಬೇಕು. ನನಗಂತೂ ಅಜ್ಜಂಪುರದ ಬಸ್ಸಿಳಿಯುವವರೆಗೂ ನಗು ನಿಲ್ಲಲಿಲ್ಲ.

ತಿಂದವರು ಯಾರೆಂದು ನಾವು ಕೇಳುವುದಿಲ್ಲ. ಕರವಸ್ತ್ರದ ಮೇಲಿನ ತುಪ್ಪದ ಕಲೆಯ ಬಗ್ಗೆಯೂ ಕೇಳುವುದಿಲ್ಲ. ಬಾಗಿಲ ಪಕ್ಕದ ಮೇಜಿನ ಮೇಲೆ ಹಾಜರಿ ಪುಸ್ತಕ ತೆರೆದೇ ಇತ್ತು: ಈ ಹನ್ನೆರಡು ದಿನದಲ್ಲಿ ತಮ್ಮ ಕಚೇರಿಯ ಒಬ್ಬರೂ ರಜೆ ಹಾಕಿಲ್ಲ. ಅದನ್ನೇ ನೋಟಿಸಿನ ಕೆಳಗೆ ಬರೆದು, ಸಹಿ ಹಾಕಿ, ಮೂವತ್ತೊಂಬತ್ತು ಪೆಟ್ಟಿಗೆಗಳನ್ನು ಶನಿವಾರದೊಳಗೆ ಬಿಡಿ. ನಾಲ್ಕನೆಯದು ತಮಗೇ ಇರಲಿ. ಹೋಳಿಗೆ ಮುಗಿದ ಮೇಲೆ ಇದ್ದಿಲನ್ನು ಎಸೆಯಬೇಡಿ; ಇಷ್ಟು ಆರೋಗ್ಯವಂತ ಕಚೇರಿಗೆ ಯಾರ ದೃಷ್ಟಿಯೂ ತಾಗದಿರಲಿ.

ಇಂತಿ,
ಒಲೆಯ ಮುಂದೆ ಕುಳಿತ ಅಣುಶಕ್ತಿ ಆರೋಪಿ,
ಪ್ರತಿಮಾ, ಅಜ್ಜಂಪುರ