ನಿನ್ನ ಕೌಂಟರಿನ ಮುಂದೆ ನಿಂತವಳು

ಪ್ರೀತಿಯ ಇಂಚರಾ,

ಕಳೆದ ಮಾರ್ಚಿನಲ್ಲಿ ನಿನ್ನ ಕಾಲೇಜಿಗೆ ಬಂದು, ರಂಜನಿ ಆಂಟಿಯ ನಾದಿನಿ ಮೈಸೂರಿನಿಂದ ಬಂದಿದ್ದಾಳೆ, ಅವಳು ಕಾಲೇಜು ಸೇರಬೇಕಂತೆ, ಅದಕ್ಕೆ ವಿಚಾರಿಸಲು ಬಂದೆ ಎಂದೆನಲ್ಲ, ಅದು ಸುಳ್ಳು. ರಂಜನಿಗೆ ನಾದಿನಿಯೇ ಇಲ್ಲ. ಕಾಲೇಜು ಸೇರಬೇಕಾಗಿದ್ದವಳು ನಾನು.

ಇದನ್ನು ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಊಟ ಆಯಿತಾ, ಡೇವಿಸ್‌ನಲ್ಲಿ ಬಿಸಿಲು ಜಾಸ್ತಿಯಾ ಎಂದು ಮಾತು ತಿರುಗಿಸಿಬಿಡುತ್ತೇನೆ. ನಾಲ್ಕನೇ ಕ್ಲಾಸಿನವರೆಗೆ ಮೈಸೂರಿನಲ್ಲಿ ಓದಿದವಳು ನೀನು, ಅಮೆರಿಕಕ್ಕೆ ಬಂದ ಮೇಲೂ ಕನ್ನಡ ಮರೆತಿಲ್ಲ. ನಿಧಾನವಾದರೂ ಪರವಾಗಿಲ್ಲ, ಪೂರ್ತಿ ಓದು.

ಎರಡು ವರ್ಷದ ಹಿಂದಿನ ನವರಾತ್ರಿಯಿಂದ ಶುರು ಮಾಡಬೇಕು. ಆ ವರ್ಷ ನಿನಗೆ ಬರ್ಕ್ಲಿ ಯೂನಿವರ್ಸಿಟಿಯಲ್ಲಿ ಸೀಟು ಸಿಗಲಿಲ್ಲ. ನೀನು ಅತ್ತದ್ದು ಒಂದೇ ದಿನ. ಮಾರನೆಯ ದಿನವೇ ಎದ್ದು ಕೇಳಿದವರಿಗೆಲ್ಲ ಸೀಟು ಕೊಡುವ ಬೆಟ್ಟದ ಮೇಲಿನ ಕಮ್ಯೂನಿಟಿ ಕಾಲೇಜಿಗೆ ನೀನೇ ಅರ್ಜಿ ಹಾಕಿದೆ. ಎರಡು ವರ್ಷ ಇಲ್ಲಿ ಓದಿ ದೊಡ್ಡ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆಗ್ತೀನಿ ಎಂದೆ. ಅಪ್ಪ ಸರಿ ಎಂದರು. ನಾನು ಮಾತ್ರ ಮನೆಯಲ್ಲಿ ಯಾರೋ ತೀರಿಹೋದ ಹಾಗೆ ಮುಖ ಮಾಡಿಕೊಂಡು ಓಡಾಡಿದೆ.

ಪದ್ಮಜಾ ಆಂಟಿಯ ಮನೆಯ ಬೊಂಬೆ ಆರತಿಗೆ ಹೋದೆವು. ನೀನು ಅರಿಶಿನ ಕುಂಕುಮದ ತಟ್ಟೆ ಹಿಡಿದು ನಿಂತಿದ್ದೆ. ಪದ್ಮಜಾ ಕೇಳಿದರು, "ಇಂಚರಾ ಎಲ್ಲಿ ಸೇರಿದ್ಲು?" ನೀನು ಬಾಯಿ ತೆರೆಯುವ ಮೊದಲೇ ನಾನು "ಬರ್ಕ್ಲಿ" ಎಂದುಬಿಟ್ಟೆ. ಯೋಚಿಸಿ ಹೇಳಿದ್ದಲ್ಲ, ಬಾಯಿಂದ ಜಾರಿತು ಎಂದು ಎಷ್ಟೋ ದಿನ ಸಮಾಧಾನ ಮಾಡಿಕೊಂಡೆ. ಜಾರಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಎರಡು ವರ್ಷ ಸಮಯವಿತ್ತಲ್ಲ.

ಅವರು "ಯಾವ ಡಾರ್ಮು?" ಎಂದು ಹಾಸ್ಟೆಲ್ಲಿನ ಹೆಸರು ಕೇಳಿದರು. ನೀನು ಒಂದು ಕ್ಷಣ ನನ್ನ ಮುಖ ನೋಡಿದೆ. ಆಮೇಲೆ ತಟ್ಟೆ ಅಲುಗದ ಹಾಗೆ ಹಿಡಿದುಕೊಂಡೇ, "ಡಾರ್ಮ್ ಸಿಗಲಿಲ್ಲ ಆಂಟಿ, ಮನೆಯಿಂದಾನೇ ಓಡಾಡ್ತಿದೀನಿ" ಎಂದೆ. ಹದಿನೆಂಟು ವರ್ಷದ ಮಗಳ ಕೈಲಿ, ದೇವರ ಮುಂದೆ, ನನ್ನ ಸುಳ್ಳಿಗೆ ಸುಳ್ಳು ಸೇರಿಸುವ ಹಾಗೆ ಮಾಡಿದೆ. ವಾಪಸು ಬರುವಾಗ ಕಾರಿನಲ್ಲಿ ನೀನು ಕೇಳಿದ್ದು ಒಂದೇ ಮಾತು. "ನಾನು ಅಲ್ಲಿ ಓದೋದು ನಿಂಗೆ ಅಷ್ಟೊಂದು ಅವಮಾನಾನಾ ಅಮ್ಮ?"

ನಾನು ಹೇಳಿದ್ದೇನು, ನೆನಪಿದೆಯಾ? "ಸೀಟ್ ಬೆಲ್ಟ್ ಹಾಕ್ಕೋ."

ಮಾರನೆಯ ವರ್ಷ ಪದ್ಮಜಾ ಮಗ ಸುಧನ್ವ ನಿಜವಾಗಿಯೂ ಬರ್ಕ್ಲಿ ಸೇರಿದ. ಸುಳ್ಳು ಬಯಲಾಗುತ್ತದೆಂದು ಆಗ ನನಗೆ ನಿದ್ದೆ ಕೆಟ್ಟಿತು. ಯಾರ ಮನೆಗಾದರೂ ಕರೆದರೆ, "ಅವಳಿಗೆ ಓದೋದಿದೆ" ಎಂದು ನಿನ್ನನ್ನು ಬಿಟ್ಟು ಹೋಗತೊಡಗಿದೆ. ನೀನೂ ಬರುತ್ತೇನೆ ಎನ್ನಲಿಲ್ಲ. ಕಾಲೇಜಿನಲ್ಲಿ ಏನು ಮಾಡುತ್ತೀ, ಯಾರ ಜೊತೆ ಇರುತ್ತೀ ಎಂದು ನಾನೂ ಕೇಳಲಿಲ್ಲ.

ಈಗ ನಿನಗೆ ಗೊತ್ತಿಲ್ಲದ ಇನ್ನೊಂದು ವಿಷಯ. ನನ್ನ ಬಿ.ಎಸ್ಸಿ. ಮುಗಿದಿಲ್ಲ. ಎರಡನೇ ವರ್ಷ ಕೆಮಿಸ್ಟ್ರಿಯಲ್ಲಿ ಫೇಲಾದೆ. ಮತ್ತೆ ಪರೀಕ್ಷೆ ಕಟ್ಟುವ ಧೈರ್ಯವಾಗಲಿಲ್ಲ, ಅಷ್ಟರಲ್ಲಿ ಮದುವೆಯೂ ಕೂಡಿಬಂತು. ಅಪ್ಪನಿಗೆ ಮಾತ್ರ ಗೊತ್ತು. ಇಲ್ಲಿ ಎಲ್ಲರ ಹತ್ತಿರವೂ ನಾನು ಗ್ರಾಜುಯೇಟು. ಫೇಲಾದವಳ ಮಗಳು ಎನ್ನಿಸಿಕೊಳ್ಳಬಾರದೆಂದು ನಿನ್ನನ್ನು ಅಷ್ಟು ಓದು ಓದು ಎಂದು ಕಾಡಿದೆ. ಇದು ಕಾರಣ ಅಷ್ಟೆ, ಸಮರ್ಥನೆಯಲ್ಲ.

ರಂಜನಿಯ ಡೇಕೇರಿನಲ್ಲಿ ಮೂರು ವರ್ಷದಿಂದ ಮಕ್ಕಳಿಗೆ ಊಟ ಮಾಡಿಸುವುದು, ಮಲಗಿಸುವುದು ನನ್ನ ಕೆಲಸ. ಫೆಬ್ರವರಿಯಲ್ಲಿ ರಂಜನಿ ಹೇಳಿದಳು, "ಮಕ್ಕಳು ನಿಮ್ಮನ್ನ ಬಿಟ್ಟಿರಲ್ಲ ಮೈಥಿಲಿ. ನಿಮ್ಮನ್ನ ಟೀಚರ್ ಮಾಡ್ತೀನಿ. ಆದ್ರೆ ರೂಲ್ಸ್ ಪ್ರಕಾರ ಹನ್ನೆರಡು ಯೂನಿಟ್ ಕ್ಲಾಸು ಮಾಡಿರ್ಬೇಕು. ಕಮ್ಯೂನಿಟಿ ಕಾಲೇಜಲ್ಲಿ ಸಿಗುತ್ತೆ." ಯಾವ ಹೆಸರನ್ನು ಬಾಯಲ್ಲಿ ಹೇಳಲು ನಾಚಿದ್ದೆನೋ ಅದೇ ಬಾಗಿಲಿಗೆ ಹೋಗಬೇಕು.

ಗುರುವಾರ ನಿನಗೆ ಕ್ಲಾಸಿಲ್ಲವೆಂದು ಗುರುವಾರವೇ ಬಂದೆ. ಅಂದು ನೀನು ಅಲ್ಲೇ, ಹೊಸಬರಿಗೆ ಮಾಹಿತಿ ಕೊಡುವ ವೆಲ್‌ಕಮ್ ಸೆಂಟರಿನಲ್ಲಿ ಕೆಲಸ ಮಾಡುತ್ತೀ ಎಂಬುದೇ ನನಗೆ ಗೊತ್ತಿರಲಿಲ್ಲ. ಸಾಲಿನಲ್ಲಿ ನನ್ನ ಸರದಿ ಬಂದಾಗ ಕೌಂಟರಿನ ಹಿಂದೆ ನೀನು! "ಅಮ್ಮ! ನೀನು ಇಲ್ಲಿ!" ಎಂದು ನಿನ್ನ ಮುಖ ಅರಳಿದ್ದನ್ನು ನಾನು ಸಾಯುವವರೆಗೆ ಮರೆಯಲಾರೆ. ನಿನ್ನ ಕಾಲೇಜು ನೋಡಲು ಬಂದೆನೆಂದು ಅಂದುಕೊಂಡೆ ನೀನು. ಎರಡು ವರ್ಷದಲ್ಲಿ ಒಮ್ಮೆಯೂ ಬಂದಿರಲಿಲ್ಲವಲ್ಲ.

ಆಗ ನಾನು ರಂಜನಿಯ ನಾದಿನಿಯನ್ನು ಹುಟ್ಟಿಸಿದೆ. ನಿನ್ನ ಮುಖ ಸ್ವಲ್ಪ ಇಳಿಯಿತು. ಆದರೂ ಪಕ್ಕದಲ್ಲಿದ್ದವಳಿಗೆ ಕೌಂಟರು ನೋಡಿಕೊಳ್ಳಲು ಹೇಳಿ, ನನ್ನನ್ನು ಒಂದು ಟೇಬಲ್ಲಿಗೆ ಕರೆದುಕೊಂಡು ಹೋದೆ.

"ಮೊದ್ಲು ಆನ್‌ಲೈನ್ ಅಪ್ಲಿಕೇಶನ್ನು. ಎರಡ್ಮೂರು ದಿನದಲ್ಲಿ ಸ್ಟೂಡೆಂಟ್ ನಂಬರ್ ಈಮೇಲ್ ಬರುತ್ತೆ, ಸ್ಪ್ಯಾಮ್ ಕೂಡ ಚೆಕ್ ಮಾಡ್ಬೇಕು. ಆಮೇಲೆ ಓರಿಯೆಂಟೇಶನ್ನು. ಆಮೇಲೆ ಕೌನ್ಸೆಲರ್ ಅಪಾಯಿಂಟ್‌ಮೆಂಟು, ಅದನ್ನ ಮಾತ್ರ ಸ್ಕಿಪ್ ಮಾಡ್ಬಾರ್ದು." ಒಂದು ಹಾಳೆಯ ಮೇಲೆ ನೀನು ಎಲ್ಲವನ್ನೂ ಬರೆದುಕೊಟ್ಟೆ. ಕೊನೆಗೆ ಪೆನ್ನು ನಿಲ್ಲಿಸಿ ಕೇಳಿದೆ, "ಅವ್ರಿಗೆ ವಯಸ್ಸೆಷ್ಟು?"

"ನನ್ನಷ್ಟೇ."

"ಭಯ ಪಡ್ತಿದಾರಾ?"

ನಾನು ಹೌದೆಂದು ತಲೆಯಾಡಿಸಿದೆ.

"ಅವ್ರಿಗೆ ಹೇಳು, ನಂಗೂ ಭಯ ಆಗಿತ್ತು ಅಂತ. ಫಸ್ಟ್ ಕ್ವಾರ್ಟರ್, ಮೂರು ತಿಂಗಳು ಪೂರ್ತಿ ನಾನು ಪಾರ್ಕಿಂಗ್ ಲಾಟಲ್ಲಿ ಕಾರೊಳಗೆ ಕೂತು ಲಂಚ್ ತಿಂತಿದ್ದೆ. ಯಾರಿಗೂ ಹೇಳ್ಕೊಳ್ಳೋ ಹಾಗಿರ್ಲಿಲ್ಲ. ಆಮೇಲೆ ಸರಿಹೋಯ್ತು. ಇದು ಒಳ್ಳೇ ಜಾಗ ಅಮ್ಮ."

ದಿನಾ ಬೆಳಿಗ್ಗೆ ನಿನ್ನ ಡಬ್ಬಿ ಕಟ್ಟಿದವಳು ನಾನು. ನೀನು ಅದನ್ನು ಎಲ್ಲಿ ಕೂತು ತಿಂದೆ ಎಂದು ನನಗೆ ತಿಳಿದದ್ದು ಅವತ್ತು, ಅದೂ ಇಲ್ಲದ ಹೆಂಗಸೊಬ್ಬಳಿಗೆ ನೀನು ಹೇಳಿಕಳಿಸಿದ ಧೈರ್ಯದ ಮಾತಿನಲ್ಲಿ. ಆಗಲೂ ನಾನು ನಿಜ ಹೇಳಲಿಲ್ಲ. ಥ್ಯಾಂಕ್ಸ್ ಎಂದು ಹಾಳೆ ಮಡಿಸಿ ಬ್ಯಾಗಿಗೆ ಹಾಕಿಕೊಂಡು ಬಂದುಬಿಟ್ಟೆ.

ನೀನು ಹೇಳಿದಂತೆಯೇ ಒಂದೊಂದೂ ಮಾಡಿದೆ. ಅರ್ಜಿಯಲ್ಲಿ ನಿಮ್ಮ ವಿದ್ಯಾಭ್ಯಾಸ ಎಷ್ಟು ಎಂದು ಕೇಳಿದ್ದರು. ಪದವಿ ಇಲ್ಲ ಎಂದು ಗುರುತು ಹಾಕಲು ಮೂರು ದಿನ ಹಿಡಿಯಿತು. ನೀನು ಡೇವಿಸ್ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆಗಿ ಹೊರಟ ಮರುವಾರ ನನ್ನ ಮೊದಲ ಕ್ಲಾಸು. ಮಕ್ಕಳ ಬೆಳವಣಿಗೆಯ ಪಾಠ. ತಪ್ಪು ಕಟ್ಟಡಕ್ಕೆ ಹೋಗಿ, ಹತ್ತು ನಿಮಿಷ ತಡವಾಗಿ, ಹಿಂದಿನ ಬೆಂಚಿನಲ್ಲಿ ಕೂತೆ. ಟೀಚರು ಒಬ್ಬೊಬ್ಬರನ್ನೇ ಕೇಳುತ್ತ ಬಂದರು, ಹೆಸರೇನು, ಇಲ್ಲಿಗೆ ಬರಲು ಯಾರು ಸಹಾಯ ಮಾಡಿದರು ಎಂದು. ನನ್ನ ಸರದಿ ಬಂತು. "ನನ್ನ ಮಗಳು. ಅವಳೂ ಇದೇ ಕಾಲೇಜಿನಲ್ಲಿ ಓದಿದಳು" ಎಂದೆ. ಆ ಮಾತು ಜೋರಾಗಿ ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು. ಯಾರೂ ನಗಲಿಲ್ಲ. ಟೀಚರು "ಎಷ್ಟು ಚೆನ್ನಾಗಿದೆ" ಎಂದು ಮುಂದಿನವರ ಕಡೆ ತಿರುಗಿದರು. ಇಷ್ಟೇ ಆಗಿದ್ದ ವಿಷಯಕ್ಕೆ ನಾನು ನಿನ್ನನ್ನು ಎರಡು ವರ್ಷ ಮುಚ್ಚಿಟ್ಟಿದ್ದೆ.

ಗುರುತಿಲ್ಲದವರ ಮುಂದೆ ಹೇಳುವುದು ಸುಲಭ. ಮೊನ್ನೆ ಮತ್ತೆ ಪದ್ಮಜಾ ಮನೆಗೆ ಬೊಂಬೆ ನೋಡಲು ಹೋದೆ. ಹಾಲ್‌ನಲ್ಲಿ ಹತ್ತು ಹನ್ನೆರಡು ಜನ ಹೆಂಗಸರು. ಅವರಲ್ಲೊಬ್ಬರು, ವಸುಧಾ, ಕೇಳಿದರು, "ಇಂಚರಾ ಬರ್ಕ್ಲಿಯಿಂದ ಬರ್ಲಿಲ್ವಾ?" ಉಸಲಿಯ ತಟ್ಟೆ ಕೆಳಗಿಟ್ಟು ಹೇಳಿದೆ. ಅವಳು ಬರ್ಕ್ಲಿಯಲ್ಲಿ ಓದಿಲ್ಲ, ಕಮ್ಯೂನಿಟಿ ಕಾಲೇಜಿನಲ್ಲಿ ಓದಿ ಈಗ ಡೇವಿಸ್‌ನಲ್ಲಿದ್ದಾಳೆ, ಸುಳ್ಳು ಹೇಳಿದವಳು ನಾನು, ನನ್ನ ಬಿ.ಎಸ್ಸಿ.ಯೂ ಸುಳ್ಳು, ಈಗ ಆ ಕಾಲೇಜಿಗೆ ನಾನೇ ಸೇರಿದ್ದೇನೆ. ವಸುಧಾ "ಅಯ್ಯೋ, ಅದಕ್ಕೇನಂತೆ" ಎಂದರು, ಆದರೆ ಯಾರೂ ನನ್ನ ಮುಖ ನೋಡಲಿಲ್ಲ.

ಪದ್ಮಜಾ ನನ್ನನ್ನು ಅಡುಗೆಮನೆಗೆ ಕರೆದರು. "ನಮಗೆ ಒಂದು ವರ್ಷದಿಂದ ಗೊತ್ತು ಮೈಥಿಲಿ" ಎಂದರು. ಸುಧನ್ವ ಬರ್ಕ್ಲಿ ಸೇರಿದ ವಾರವೇ ನಿನಗೆ ಮೆಸೇಜು ಹಾಕಿದನಂತೆ, ಎಲ್ಲಿ ಸಿಗ್ತೀಯಾ ಎಂದು. ನೀನು ನಿಜ ಹೇಳಿ, "ಆಂಟಿಗೆ ಹೇಳು, ಅಮ್ಮನ ಹತ್ರ ಈ ವಿಷಯ ಎತ್ತೋದು ಬೇಡ. ಎಲ್ರ ಮುಂದೆ ಅವಳಿಗೆ ಅವಮಾನ ಆಗ್ಬಾರ್ದು" ಎಂದು ಕೇಳಿಕೊಂಡೆಯಂತೆ. ಪದ್ಮಜಾ ಹೇಳಿದರು, "ನಿಮ್ಮ ಮರ್ಯಾದೆ ನಾವು ಕಾಪಾಡಿದ್ವಿ ಅಂದ್ಕೋಬೇಡಿ. ಕಾಪಾಡಿದ್ದು ಆ ಹುಡುಗಿ."

ಸಿಂಕಿನ ಮುಂದೆ ನಿಂತು ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ, ಇಂಚರಾ. ನಾನು ನಿನ್ನ ಬಗ್ಗೆ ನಾಚಿಕೆಪಟ್ಟಿದ್ದೆ. ನೀನು ನನಗೆ ನಾಚಿಕೆಯಾಗದ ಹಾಗೆ ನೋಡಿಕೊಂಡೆ.

ಕ್ಷಮಿಸು ಎಂದು ಒಂದು ಪದ ಬರೆದು ಮುಗಿಸಲು ಮನಸ್ಸು ಬರುತ್ತಿಲ್ಲ. ನಿನಗೆ ಕೋಪವಿದ್ದರೆ ಅದು ಇರಲಿ. ಇಷ್ಟು ದಿನ ಅದನ್ನೂ ನನಗಾಗಿ ನುಂಗಿಕೊಂಡಿದ್ದೀಯ. ಮುಂದಿನ ವಾರ ನನಗೆ ಮೊದಲ ಪರೀಕ್ಷೆ. ಫೇಲಾದರೂ ನಿನಗೆ ಹೇಳುತ್ತೇನೆ.

ದೀಪಾವಳಿಗೆ ಎಲ್ಲರೂ ನಮ್ಮ ಮನೆಗೆ ಬರುತ್ತಿದ್ದಾರೆ. ನಿನಗೆ ಮನಸ್ಸಾದರೆ ಬಾ. ಬಾರದಿದ್ದರೆ, ಇಂಚರಾ ಯಾಕೆ ಬರಲಿಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅವಳಿಗೆ ಓದೋದಿದೆ ಎಂದು ನಾನು ಹೇಳುವುದಿಲ್ಲ. ನಾನು ಅವಳ ಮನಸ್ಸು ನೋಯಿಸಿದ್ದೇನೆ, ಅದಕ್ಕೆ ಬಂದಿಲ್ಲ ಎಂದೇ ಹೇಳುತ್ತೇನೆ.

ಎಲ್ಲಿದ್ದರೂ ತಲೆಯೆತ್ತಿಕೊಂಡು ಇರು ಮಗಳೇ. ಹೊತ್ತಿಗೆ ಸರಿಯಾಗಿ, ನಾಲ್ಕು ಜನರ ಜೊತೆ ಕೂತು ಊಟ ಮಾಡು. ದೇವರು ನಿನಗೆ ನನಗಿಂತ ದೊಡ್ಡ ಮನಸ್ಸು ಕೊಟ್ಟಿದ್ದಾನೆ, ಅದು ಹಾಗೆಯೇ ಇರಲಿ.

ನಿನ್ನ ಅಮ್ಮ,
ಮೈಥಿಲಿ