ವೀಬ್ರೆನ್ ಹೆಸರಿನ ಎಲ್ಮ್ ಮರ

ಮಾಕ್ಕುಮ್, ಫ್ರೀಸ್‌ಲ್ಯಾಂಡ್
ಜುಲೈ ೩, ೨೦೦೯

ವೀಬ್ರೆನ್‌ಗೆ,

ಹಿಂದೆಲ್ಲ ಈ ಜಾಗದಲ್ಲಿ 'ಪ್ರೀತಿಯ' ಎಂದು ಬರೆಯುತ್ತಿದ್ದೆ. ಈಗ ಆ ಪದ ಖರ್ಚು ಮಾಡಲು ಮನಸ್ಸಿಲ್ಲ.

ನಿನ್ನ ಅಮ್ಮ ಫೋನ್ ಮಾಡಿದ್ದರು. ನಮ್ಮ ವಿಚ್ಛೇದನವಾದ ಮೇಲೂ ನನ್ನನ್ನು ಸೊಸೆ ಎನ್ನುವವರು ಅವರೊಬ್ಬರೇ. "ತ್ಯಿತ್ಸ್ಕೆ, ಕಾಲುವೆ ದಂಡೆ ಮರಗಳೆಲ್ಲ ಹಳದಿಗೆ ತಿರುಗ್ತಿವೆ ಕಣೆ. ಇವನು ಊಟ ಬಿಟ್ಟು ಕೂತಿದಾನೆ. ಏನಾದ್ರೂ ಔಷಧಿ ಇದ್ರೆ ಹೇಳೇ" ಎಂದರು. ಕೇಳುವ ಧೈರ್ಯವಿಲ್ಲದೆ ಅಮ್ಮನನ್ನು ಮುಂದೆ ಬಿಟ್ಟಿದ್ದೀಯ. ಇರಲಿ. ಔಷಧಿ ಇಲ್ಲ.

ನಮ್ಮ ನರ್ಸರಿಯ ಹಿಂದಿನ ಹೊಲ ನೆನಪಿದೆಯೇ? ಹಿಮಾಲಯದ ಎಲ್ಮ್‌ಗೂ ನಮ್ಮ ಎಲ್ಮ್‌ಗೂ ಪರಾಗ ಸೇರಿಸಿ ನಾನು ಬೆಳೆಸಿದ ಮರಗಳು. ಜೂನ್ ಬಂತೆಂದರೆ ಒಂದೊಂದರ ಕಾಂಡವನ್ನೂ ಚಾಕುವಿನಿಂದ ಸೀಳಿ, ಎಲ್ಮ್ ರೋಗದ ಬೂಷ್ಟಿನ ಹನಿ ಬಿಡುತ್ತಿದ್ದೆ. ಸಾಯುವುದು ಸಾಯಲಿ, ಉಳಿದದ್ದು ಗೆದ್ದಂತೆ. ನೀನು ಬೇಲಿಯಾಚೆ ನಿಂತು, "ಮಕ್ಕಳ ಹಾಗೆ ಸಾಕಿ ವಿಷ ಹಾಕ್ತೀಯಲ್ಲೇ, ನೀನೇನು ತಾಯಿನೋ ಮಾರಿನೋ?" ಎಂದು ನಗುತ್ತಿದ್ದೆ.

ಪ್ರತಿ ಸಾಲಿನಲ್ಲೂ ಒಂದು ಮರಕ್ಕೆ ಬಿಳಿ ಪಟ್ಟಿ ಕಟ್ಟಿರುತ್ತಿದ್ದೆ. ಅದಕ್ಕೆ ರೋಗ ಹಾಕುತ್ತಿರಲಿಲ್ಲ. ಉಳಿದವನ್ನು ಹೋಲಿಸಿ ನೋಡಲು ಬಿಟ್ಟ ಮರ ಅದು. ಒಂದೂ ಗಾಯವಿಲ್ಲದೆ ಮೈತುಂಬಿಕೊಂಡು ನಿಂತಿರುತ್ತಿತ್ತು. ನೀನು ಮನೆ ಬಿಟ್ಟಾಗ ಕಡ್ಡಿ ಕತ್ತರಿಸಿಕೊಂಡು ಹೋದದ್ದು ಅದರಿಂದ. ಪಟ್ಟಿಯನ್ನು ಪದಕವೆಂದುಕೊಂಡೆ, ಅಲ್ಲವೇ? ಗೆದ್ದ ಮರಗಳು ಪಕ್ಕದಲ್ಲೇ ಇದ್ದವು, ಗಾಯದ ಕಲೆ ಹೊತ್ತುಕೊಂಡು.

ನೀನು ಆ ಕಡ್ಡಿಗಳನ್ನು ಕಸಿ ಕಟ್ಟಿ, 'ವೀಬ್ರೆನ್‌ನ ಹೆಮ್ಮೆ' ಎಂದು ಹೆಸರಿಟ್ಟು ಕಾಲುವೆ ದಂಡೆಯುದ್ದಕ್ಕೂ ನೆಟ್ಟೆ. ರೋಗವೇ ತಗುಲದ ತಳಿ ಎಂದು ಪತ್ರಿಕೆಯಲ್ಲಿ ಕೊಚ್ಚಿಕೊಂಡೆ. ನನ್ನ ಹೆಸರು ಎಲ್ಲೂ ಇಲ್ಲ. ಹೊಟ್ಟೆ ಉರಿದುಹೋಯಿತು, ಸುಳ್ಳು ಹೇಳುವುದಿಲ್ಲ. ಆದರೂ ನಾನು ಕಾದೆ. ಎಳೆಯ ಮರವನ್ನು ತೊಗಟೆಯ ಜೀರುಂಡೆ ಮುಟ್ಟುವುದಿಲ್ಲ. ಮರ ಬಲಿತ ಮೇಲೆ ಅದು ಬೂಷ್ಟನ್ನು ಹೊತ್ತುಕೊಂಡೇ ಬರುತ್ತದೆ. ಬಂದಿದೆ.

ನಿನ್ನೆ ಕಾಲುವೆಯವರೆಗೆ ಸೈಕಲ್‌ನಲ್ಲಿ ಹೋಗಿ ಒಂದು ರೆಂಬೆ ಮುರಿದು ನೋಡಿದೆ. ಒಳಗೆ ಕಂದು ಉಂಗುರ, ಅದೇ ರೋಗದ ಗುರುತು. ಮರಗಳಿಗಾಗಿ ಸಂಕಟವಾಯಿತು, ನಿನಗಾಗಿ ಆಗಲಿಲ್ಲ.

ಎಲ್ಲವನ್ನೂ ಕಡಿಸು. ತೊಗಟೆ ಸುಲಿದು ಸುಡಿಸು. ತಡಮಾಡಿದರೆ ಚರ್ಚಿನ ಹಿಂದಿನ ಹಳೆಯ ಎಲ್ಮ್‌ಗಳೂ ಹೋಗುತ್ತವೆ. ಊರಿನವರು ಬಂದು, ಆ ಜಾಗದಲ್ಲಿ ನೆಡಲು ನನ್ನ ಕಲೆಬಿದ್ದ ಮರಗಳನ್ನು ಕೇಳಿದ್ದಾರೆ. ಕೊಡುತ್ತೇನೆ, ಒಂದೇ ಷರತ್ತು: ಕಾಲುವೆ ದಂಡೆಯ ನಿನ್ನ ಹೆಸರಿನ ಫಲಕವನ್ನು ಸಂತೆಯ ದಿನ, ಜನರೆದುರು, ನೀನೇ ಕಳಚಬೇಕು. ಒಪ್ಪಿದ್ದಾರೆ.

ಈಗ ಯಾರವಳೂ ಅಲ್ಲದ,
ತ್ಯಿತ್ಸ್ಕೆ

ತಾ.ಕ.: ಮೊದಲೇ ಹೇಳಬಾರದಿತ್ತೇ ಎಂದು ನಿನ್ನ ಅಮ್ಮ ಅತ್ತರು. ನೀನು ಮೊದಲ ಸಸಿ ನೆಟ್ಟ ದಿನ, ಅದು ರೋಗ ಹಾಕಿ ನೋಡದ ಮರದ್ದು ಎಂದು ಹೇಳಲೆಂದೇ ನಾನು ಬಂದಿದ್ದೆ. ನೀನು ಮೈಕಿನಲ್ಲಿ, "ನೋಡ್ರಪ್ಪ, ನಮ್ಮ ಗಿಡಕ್ಕೆ ನೀರು ಹಾಕ್ತಿದ್ದೋಳು ಬಂದಿದಾಳೆ, ಅವಳಿಗೂ ಒಂದು ಬಿಯರ್ ಕೊಡಿ" ಎಂದು ಎಲ್ಲರನ್ನೂ ನಗಿಸಿದೆ. ಬಿಯರ್ ಚೆನ್ನಾಗಿತ್ತು. ಪೂರ್ತಿ ಕುಡಿದು, ಬಾಯಿ ಮುಚ್ಚಿಕೊಂಡು ಮನೆಗೆ ಬಂದೆ.